ಹೋಲ್ಡಾನ್

ಡಿಪೋದವರು ಚಂದಾ ಎತ್ತಿ ಕೊಡಿಸಿದ ಟಿಕೇಟು,
ನನಗೊಂದು, ಡ್ರೈವರ್ ಇನಾಸಣ್ಣನಿಗೊಂದು.
ಇಬ್ಬರೂ ಒಂದೇ ತಿಂಗಳು ರಿಟೈರು.
ಹೋಗುವಾಗ ನಮ್ಮದೇ ಬಸ್ಸು, ಬರುವಾಗ ವಿಮಾನ:
ದೇವನಹಳ್ಳಿಯಿಂದ ಸೋಗಾನೆ, ಐವತ್ತು ನಿಮಿಷ.
ನಡುವೆ ಎಲ್ಲೂ ಸ್ಟಾಪಿಲ್ಲ.

ಮೂವತ್ತೊಂದು ವರ್ಷ ನಾನು ಈ ದಾರಿಯನ್ನು
ತುಂಡು ತುಂಡು ಮಾಡಿ ಮಾರಿದವನು.
ಮಲವಗೊಪ್ಪಕ್ಕೆ ಇಷ್ಟು, ತರೀಕೆರೆಗೆ ಇಷ್ಟು,
ಬೀರೂರು ದಾಟಿದರೆ ಮತ್ತೆ ಮೂರು ರೂಪಾಯಿ,
ಮಡಿಲ ಮಗುವಿಗಿಲ್ಲ, ಬುಟ್ಟಿಯ ಹುಂಜಕ್ಕೆ ಅರ್ಧ.
ಇಡೀ ದೂರವನ್ನು ಒಂದೇ ಚೀಟಿಯಲ್ಲಿ ಕಂಡಾಗ
ಕೈ ತಾನಾಗಿ ಎಡಗಂಕುಳಿಗೆ ಹೋಯಿತು.
ಅಲ್ಲಿ ಬ್ಯಾಗಿರಲಿಲ್ಲ.

ಹತ್ತಿದೊಡನೆ ತಲೆ ಎಣಿಸಿದೆ, ಬಿಡದ ಚಾಳಿ:
ಎಪ್ಪತ್ತೆಂಟು ಸೀಟು, ಒಂಬತ್ತು ಖಾಲಿ, ನಿಂತವರಿಲ್ಲ.
ರೆಕ್ಕೆಗೆ ಕಟ್ಟಿದ ಫ್ಯಾನು ನೋಡಿ ಇನಾಸಣ್ಣ
"ಎಂಜಿನ್ ಹೊರಗಡೆ ಇಟ್ಟಿದಾನಲ್ಲ ಮಾರಾಯ" ಎಂದ.
ನೆಲ ಬಿಟ್ಟ ಮೇಲೂ ಅವನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತಿಯೇ ಇತ್ತು.

ಕೆಳಗೆ ತುಮಕೂರು ಹುಡುಕಿದೆ. ಬೋರ್ಡಿಲ್ಲ.
ಗುಬ್ಬಿಯೋ ತಿಪಟೂರೋ, ತೆಂಗಿನ ತೋಟ ಗರಿಕೆಯಾಗಿ,
ಒಂದು ಕೆರೆ, ಬಿದ್ದುಹೋದ ನಾಲ್ಕಾಣೆಯ ಹಾಗೆ
ಮಿಣ್ಣಗೆ ಹೊಳೆದು ಹಿಂದಾಯಿತು.
ಅರಸೀಕೆರೆ ಕ್ಯಾಂಟೀನಿನ ರುದ್ರಮ್ಮನಿಗೆ
ನಾನು ಕೊಡಬೇಕಿದ್ದ ಹನ್ನೆರಡು ರೂಪಾಯಿ
ಜೇಬಿನಲ್ಲೇ ಅವಳ ತಲೆಯ ಮೇಲೆ ಹಾದುಹೋಯಿತು.

ನಲವತ್ತಾರನೆಯ ನಿಮಿಷ. ವಿಮಾನ ವಾಲಿತು.
ಹೊರಗೆ ಬರೆಯದ ವೇಬಿಲ್ಲಿನ ಹಾಗೆ ಬಿಳಿ.
ಒಂದು ಸುತ್ತು. ಇನ್ನೊಂದು ಸುತ್ತು.
ಮೋಡ ಒಮ್ಮೆ ಬನಿಯನ್ನಿನ ತೂತಿನಷ್ಟು ಹರಿದು
ಭದ್ರಾವತಿಯ ಚಿಮಣಿ, ರೈಲ್ವೆ ಗೇಟು,
ಗೇಟಿಗೆ ಕಾದು ನಿಂತ ಒಂದು ಕೆಂಪು ಬಸ್ಸು.
"ನಮ್ದೇ ಡಿಪೋ!" ಎಂದ ಇನಾಸಣ್ಣ.
ಮುಚ್ಚಿಕೊಂಡಿತು.
ಮೂರನೆಯ ಸುತ್ತಿಗೆ ಊರು
ನನ್ನ ಚಪ್ಪಲಿಯ ನೇರ ಕೆಳಗೇ ಇದ್ದಿರಬೇಕು.
ಸ್ಟೇಜಿನ ಲೆಕ್ಕದಲ್ಲಿ ದೂರ ಸೊನ್ನೆ, ದರ ಸೊನ್ನೆ.
ಗಂಟಲ ತನಕ ಬಂತು: ಹೋಲ್ಡಾನ್!
ಕೂಗಲಿಲ್ಲ.

ಕ್ಯಾಪ್ಟನ್ ಕ್ಷಮೆ ಕೇಳಿದ, ಎರಡು ಭಾಷೆಯಲ್ಲಿ, ಕನ್ನಡ ಬಿಟ್ಟು.
ನೆಲ ಕಾಣುತ್ತಿಲ್ಲವಂತೆ. ಬೆಂಗಳೂರಿಗೇ ವಾಪಸಂತೆ.
ರಸ್ತೆ ಕುಸಿದಾಗ ಇಳಿಸಿದ್ದೇನೆ ನಾನು,
ಬಂದ್ ದಿನ ಜೋಳದ ಹೊಲದ ಬದುವಿಗೆ ಇಳಿಸಿದ್ದೇನೆ,
ಬಸುರಿಯೊಬ್ಬಳನ್ನು, ಬಸ್ಸನ್ನೇ ತಿರುಗಿಸಿ,
ಕಡೂರಿನ ಆಸ್ಪತ್ರೆ ಮೆಟ್ಟಿಲಿಗೆ ಇಳಿಸಿದ್ದೇನೆ.
ಊರಿನ ತನಕ ತಂದು, ಇಳಿಸದೆ
ಹಿಂದಕ್ಕೆ ಒಯ್ದದ್ದಿಲ್ಲ.
ಇನಾಸಣ್ಣ ಮಾತ್ರ ಅವನ ಪರ:
"ಕಾಣದಿದ್ರೆ ನಿಲ್ಸಬೇಕು. ಪಾಪ, ಅವನಿಗೆ
ನಿಲ್ಸಕ್ಕೆ ಜಾಗ ಎಲ್ಲಿದೆ? ತಿರುಗಿಸಿದ.
ಒಳ್ಳೆ ಡ್ರೈವರು."

ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಹನ್ನೊಂದರ ಬಸ್ಸು.
ಅರಸೀಕೆರೆಯಲ್ಲಿ ರುದ್ರಮ್ಮ ಇರಲಿಲ್ಲ.
ಅವಳ ಸೊಸೆ "ನಂಗೆ ಲೆಕ್ಕ ಗೊತ್ತಿಲ್ಲ" ಎನ್ನುತ್ತಲೇ
ಹನ್ನೆರಡು ರೂಪಾಯಿ ಎಣಿಸಿ ತಗೊಂಡಳು.
ಬಾಣಾವರದಲ್ಲಿ ಪಂಚರು. ಸ್ಟೆಪ್ನಿಯೂ ಕೂತಿತ್ತು.
ಐವತ್ತು ನಿಮಿಷದ ದಾರಿಗೆ ಇಪ್ಪತ್ತು ಗಂಟೆ.

ಬೆಳಿಗ್ಗೆ ಹತ್ತಕ್ಕೆ ಸೋಗಾನೆ ಕ್ರಾಸು.
ಅಲ್ಲೇ ಇಳಿದೆವು. ಚೀಟಿಯಲ್ಲಿ ಬರೆದ ಜಾಗ ಅದು.
ಮೋಡ ಇನ್ನೂ ರಸ್ತೆಯ ಮೇಲೇ ಕೂತಿತ್ತು,
ಎದುರಿನ ಹುಣಸೆಮರ ಅರ್ಧದಷ್ಟೇ.
ಮೇಲೆ ಸದ್ದು. ಇವತ್ತಿನ ವಿಮಾನ.
ಬಂತು, ಸಣ್ಣದಾಯಿತು, ಮತ್ತೆ ಬಂತು.
ಇನಾಸಣ್ಣ ಕತ್ತೆತ್ತಿ ನಿಂತ,
ಬಲಗಾಲು ಮೆಲ್ಲಗೆ ಜಲ್ಲಿಯನ್ನು ಒತ್ತುತ್ತಿತ್ತು.

ನನ್ನ ಅಂಗೈ ಪಕ್ಕದ ಮೈಲಿಗಲ್ಲಿನ ಮೇಲಿತ್ತು.
ದೀಪ ಹೋದ ಸ್ಟ್ಯಾಂಡುಗಳಲ್ಲಿ ಹಿಂದೆ ಸರಿವ ಬಸ್ಸಿನ
ಬೆನ್ನು ತಟ್ಟುತ್ತಿದ್ದ ಹಾಗೆ ಅದನ್ನೇ ತಟ್ಟುತ್ತ,
ಯಾರಿಗೂ ಕೇಳದಷ್ಟು ಮೆತ್ತಗೆ:
ಬರ್ಲಿ, ಬರ್ಲಿ, ಎಡಕ್ಕೆ ಸ್ವಲ್ಪ,
ಬರ್ಲಿ